ದೆವ್ವದ ಹಾಡಿನ ಬೆನ್ನು ಹತ್ತಿ

ಲೀಡ್ಸ್‌ಗೆ ಬಂದು ಎರಡು ವರ್ಷವಾಗಿತ್ತು. ಜುಲೈನ ಒಂದು ಶನಿವಾರ ಬೆಳಿಗ್ಗೆ, "ರೀ, ಒಂದು ಕಲ್ಲು ನೋಡ್ಕೊಂಡು ಬರೋಣ್ವಾ?" ಅಂದೆ. "ಹಂಪೀಲಿ ನೋಡಿದ್ದು ಸಾಲ್ದಾ?" ಅಂದರು. ಆದರೂ ಶೂ ಹಾಕಿಕೊಂಡರು.

ಆ ಕಲ್ಲಿನ ಮೇಲೆ ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ ಬರೆದ ಪದ್ಯವಿದೆ. ಕೇಟ್ ಹುಚ್ಚು ನನಗೆ ಕಾಲೇಜಿನಿಂದಲೂ ಇದೆ. ಹಾಸ್ಟೆಲಿನಲ್ಲಿ 'ವದರಿಂಗ್ ಹೈಟ್ಸ್' ಹಾಡು ಹಾಕಿದಾಗ ರೂಮ್‌ಮೇಟ್, "ಏನೇ ಇದು, ದೆವ್ವ ಕೂಗಿದ ಹಾಗಿದೆ" ಅಂದಿದ್ದಳು. ಅವಳು ಹೇಳಿದ್ದು ಸರಿಯೇ. ಹಾಡುವುದು ದೆವ್ವವೇ. ಎಮಿಲಿ ಬ್ರಾಂಟೆಯ ಅದೇ ಹೆಸರಿನ ಕಾದಂಬರಿಯಲ್ಲಿ ಸತ್ತ ಕ್ಯಾಥಿ ಕಿಟಕಿಗೆ ಬಂದು, ಒಳಗೆ ಬಿಡು ಅಂತ ಗೋಗರೆಯುತ್ತಾಳೆ. ಟಿವಿಯಲ್ಲಿ ಆ ಕಥೆಯ ಕೊನೆಯ ಕೆಲವೇ ನಿಮಿಷ ನೋಡಿದ್ದ ಕೇಟ್, 18ನೇ ವಯಸ್ಸಿನಲ್ಲಿ ಈ ಹಾಡು ಕಟ್ಟಿದಳು. ರೆಕಾರ್ಡ್ ಕಂಪನಿಯವರು ಬೇರೆ ಹಾಡನ್ನು ಮೊದಲು ಬಿಡೋಣ ಅಂದರು. ಇವಳು ಹಟ ಬಿಡಲಿಲ್ಲ. 1978ರಲ್ಲಿ ಅದು ನಾಲ್ಕು ವಾರ ಬ್ರಿಟನ್ನಿನ ನಂಬರ್ ಒನ್ ಹಾಡಾಗಿತ್ತು. ತಾನೇ ಬರೆದ ಹಾಡಿನಿಂದ ಆ ಜಾಗಕ್ಕೇರಿದ ಮೊದಲ ಗಾಯಕಿ ಅಲ್ಲಿ ಇವಳೇ.

ಭಾವಗೀತೆ ಕೇಳಿ ಬೆಳೆದವಳು ನಾನು. ನಮ್ಮಲ್ಲಿ ಕವಿಯ ಸಾಲಿಗೆ ರಾಗ ಹಾಕುತ್ತಾರೆ. ಕೇಟ್ ಕಾದಂಬರಿಯಿಂದ ಒಂದೆರಡು ಮಾತು ಮಾತ್ರ ಎತ್ತಿಕೊಂಡು, ಸೀದಾ ಪಾತ್ರದ ಮೈಯೊಳಗೇ ಹೊಕ್ಕಳು. ಒಮ್ಮೆ ಮಾತ್ರ ಅವಳಿಗೂ ಸಾಲುಗಳೇ ಬೇಕಾದವು. ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಕಾದಂಬರಿಯ ಕೊನೆಯಲ್ಲಿ ಮೋಲಿ ಅನ್ನುವ ಪಾತ್ರ ತನ್ನಷ್ಟಕ್ಕೆ ಆಡಿಕೊಳ್ಳುವ ಮಾತುಗಳವು. ಜಾಯ್ಸ್‌ನ ವಾರಸುದಾರರ ಕಡೆಯಿಂದ ಒಪ್ಪಿಗೆ ಬರಲಿಲ್ಲ. ಸರಿ, ತನ್ನದೇ ಮಾತು ಕೂರಿಸಿ 1989ರಲ್ಲಿ 'ದಿ ಸೆನ್ಶುಯಲ್ ವರ್ಲ್ಡ್' ಹಾಡು ತಂದಳು. ಕೊನೆಗೂ ಒಪ್ಪಿಗೆ ಸಿಕ್ಕಿ, 2011ರಲ್ಲಿ ಅದನ್ನೇ ಜಾಯ್ಸ್ ಮಾತಿನಲ್ಲಿ ಮತ್ತೆ ಹಾಡಿದಳು. ನನ್ನ ಕೇಳಿದರೆ ಒಪ್ಪಿಗೆ ಸಿಗದೆ ಹುಟ್ಟಿದ್ದೇ ಜಾಸ್ತಿ ಚೆಂದ.

ಎಮಿಲಿ ಹುಟ್ಟಿದ ಥಾರ್ನ್‌ಟನ್‌ನಿಂದ ನಡೆದೆವು. ಜೌಗು ನೆಲ, ಕುರಿಗಳು, ಎಲ್ಲೆಲ್ಲೂ ಹೆದರ್ ಗಿಡ. (ಹೆಸರೇ ಹಾಗೆ. ನಾನೇನೂ ಹೆದರಲಿಲ್ಲ.) ಅರ್ಧ ದಾರಿಗೆ ಮಳೆ ಹಿಡಿಯಿತು. ಫೋನಿಗೆ ಸಿಗ್ನಲ್ ಇಲ್ಲ. ಎರಡು ಸಲ ದಾರಿ ತಪ್ಪಿದೆವು. "ಕಲ್ಲು ಅಲ್ಲೇ ಇರುತ್ತೆ, ಇನ್ನೊಂದಿನ ಬರೋಣ ಕಣೇ" ಅಂತ ಇವರ ಗೊಣಗಾಟ.

ಆಗ್ಡನ್ ಕರ್ಕ್ ಅನ್ನುವ ಬಂಡೆಗಳ ಸಾಲಿನಲ್ಲಿ ಕೊನೆಗೂ ಸಿಕ್ಕಿತು. ಎಮಿಲಿ ಹುಟ್ಟಿ 200 ವರ್ಷವಾದ 2018ರಲ್ಲಿ ಬಂಡೆಗೇ ಕೆತ್ತಿದ್ದು. ಅಕ್ಷರಗಳ ಗುಳಿಯಲ್ಲಿ ನೀರು ನಿಂತಿತ್ತು. ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ಹಾಡಿನಲ್ಲಿ ಕಿಟಕಿಯಾಚೆ ಇದ್ದವಳು ಕ್ಯಾಥಿ. 40 ವರ್ಷದ ನಂತರದ ಈ ಪದ್ಯದಲ್ಲಿ ಪುಸ್ತಕ ಹಿಡಿದು ಹೊರಗೆ ನಿಂತವಳು ಎಮಿಲಿಯೇ. ಕೇಟ್ ಅವಳನ್ನು ಒಳಗೆ ಬಾ, ಇಲ್ಲೇ ಇದ್ದುಬಿಡು ಅಂತ ಕರೆಯುತ್ತಾಳೆ.

"ಏನಂತೆ?" ಅಂದರು ಇವರು, ಕನ್ನಡಕ ಒರೆಸಿಕೊಳ್ಳುತ್ತಾ.

"ಒಳಗೆ ಬಾ ಅಂತಿದಾಳೆ."

"ನಮ್ಮನ್ನೂ ಯಾರಾದ್ರೂ ಕರೀಬಾರ್ದಾ!"

ಬ್ಯಾಗಿನಿಂದ ಡಬ್ಬಿ ತೆಗೆದೆ. ಚಪಾತಿ ರೋಲಿಗೂ ನೀರು ನುಗ್ಗಿತ್ತು.