ಇಳಕಲ್ ಸೆರಗಿನ ಕೆಂಪು ಉಳಿಸುವ ದೀಪ

ಬಾಗಲಕೋಟೆಯ ನವನಗರದಲ್ಲಿ ನಾಟಕವಾಡುವ ನಮ್ಮ ಹವ್ಯಾಸಿ ತಂಡಕ್ಕೆ ಎಲ್‌ಇಡಿ ದೀಪಗಳನ್ನು ಕೊಳ್ಳುವ ಹೊಣೆ ಈ ಸಲ ನನ್ನ ಪಾಲಿಗೆ ಬಂದಿತು. ಪಾರ್ ಎಂದು ಕರೆಯುವ ಹಳೆಯ 1000 ವ್ಯಾಟಿನ ಹ್ಯಾಲೊಜನ್ ರಂಗದೀಪಗಳನ್ನು ಎಂಟು ಹಚ್ಚಿದರೆ 8 ಕಿಲೋವ್ಯಾಟ್ ವಿದ್ಯುತ್ ಬೇಕು. ಅದರ ಕಾವಿಗೆ ಪಾತ್ರಧಾರಿಗಳ ಬಣ್ಣ ಮೊದಲ ಅಂಕದಲ್ಲೇ ಬೆವರಿನೊಂದಿಗೆ ಇಳಿಯತೊಡಗುತ್ತದೆ. ಆದ್ದರಿಂದ ಬದಲಾವಣೆ ಬೇಕೇ ಎಂಬ ಚರ್ಚೆ ನಮ್ಮಲ್ಲಿ ಬಹಳ ಹೊತ್ತು ನಡೆಯಲಿಲ್ಲ.

ವ್ಯಾಪಾರಿಯೊಬ್ಬರು ತಂದು ತೋರಿಸಿದ ಬಿಳಿ ಎಲ್‌ಇಡಿ ಗೋಡೆಯ ಮೇಲೆ ಬಹಳ ಪ್ರಖರವಾಗಿ ಕಂಡಿತು. ಆದರೆ ಶ್ರೀಕೃಷ್ಣ ಪಾರಿಜಾತ ನಾಟಕದ ತಾಲೀಮಿಗೆ ಬಂದಿದ್ದ ಸತ್ಯಭಾಮೆಯ ಪಾತ್ರಧಾರಿ ಇಳಕಲ್ ಸೀರೆಯುಟ್ಟು ಆ ಬೆಳಕಿನಲ್ಲಿ ನಿಂತ ಕೂಡಲೇ ಟೋಪ್ ತೆನಿ ವಿನ್ಯಾಸದ ಸೆರಗಿನ ಕೆಂಪು ಮಾಸಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು, ಹಣೆಯ ಕುಂಕುಮ ಕಂದಿತು, ಮುಖದಲ್ಲಿ ಕಳೆಯೇ ಇಲ್ಲದಂತಾಯಿತು. ಪೆಟ್ಟಿಗೆಯ ಮೇಲೆ ಸಿಆರ್‌ಐ 80 ಎಂದು ಅಚ್ಚಾಗಿತ್ತು. ದೀಪದ ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರ ಲೆಕ್ಕದಲ್ಲಿ ಕೊಡುವ ಅಂಕವೇ ಸಿಆರ್‌ಐ. ಈ ಅಂಕಿ ಎಂಟು ತಿಳಿಬಣ್ಣಗಳ ಸರಾಸರಿ ಮಾತ್ರ. ಗಾಢ ಕೆಂಪನ್ನು ಅಳೆಯುವ ಆರ್9 ಎಂಬ ಅಂಕ ಅದರಲ್ಲಿ ಸೇರುವುದೇ ಇಲ್ಲ. ನಮ್ಮ ಭಾಗದ ರಂಗದ ಮೇಲೆ ಕುಂಕುಮ, ಸೆರಗು, ರುಮಾಲು ಎಲ್ಲದರಲ್ಲೂ ಕೆಂಪೇ ಎದ್ದು ಕಾಣಬೇಕಾಗಿರುವಾಗ, ಆರ್9 ಎಷ್ಟೆಂದು ಕೇಳದೆ ದೀಪ ಕೊಳ್ಳುವುದು ತಪ್ಪೆಂದೇ ನಾನು ಭಾವಿಸುತ್ತೇನೆ. ಮುಖದ ಮೇಲೆ ಬೀಳುವ ದೀಪಗಳಿಗೆ 3200 ಕೆಲ್ವಿನ್‌ನ ಬೆಚ್ಚನೆಯ ಬಿಳಿ ಮತ್ತು 90ಕ್ಕೂ ಹೆಚ್ಚಿನ ಸಿಆರ್‌ಐ ಇರಲೇಬೇಕೆಂದು ನಾನು ಹಟ ಹಿಡಿದೆ. ಹಿಂದಿನ ಪರದೆಗೆ ಬೆಳದಿಂಗಳು, ಸಂಜೆಗೆಂಪು ಮೂಡಿಸಲು ಕೆಂಪು, ಹಸಿರು, ನೀಲಿ ಬೆರೆಸುವ ಸಾಧಾರಣ ದೀಪಗಳೇ ಸಾಕು. ಅಲ್ಲಿ ಉಳಿದ ಹಣ ಮುಖದ ಮೇಲೆ ಬೀಳುವ ದೀಪಗಳಿಗೆ ಒದಗಿತು.

ಎರಡನೆಯ ಪರೀಕ್ಷೆ ಬೆಳಕು ಆರುವ ಬಗೆಯದು. ಹ್ಯಾಲೊಜನ್ ದೀಪ ಮೆಲ್ಲಗೆ ಕೆಂಪಾಗುತ್ತ ಆರುತ್ತದೆ. ಅಗ್ಗದ ಎಲ್‌ಇಡಿ ಕೊನೆಯ ಹಂತದಲ್ಲಿ ತಟ್ಟನೆ ಕತ್ತಲಾಗುತ್ತದೆ. ಬೆಳಕನ್ನು ಏರಿಸಿ ಇಳಿಸಲು 8 ಬಿಟ್ ನಿಯಂತ್ರಣದಲ್ಲಿ ಸಿಗುವುದು 256 ಮೆಟ್ಟಿಲು, 16 ಬಿಟ್‌ನಲ್ಲಿ 65,536; ಮೆಟ್ಟಿಲು ಹೆಚ್ಚಿದಷ್ಟೂ ಬೆಳಕು ನಯವಾಗಿ ಆರುತ್ತದೆ. ಕಥಾನಾಯಕ ಸಾಯುವ ದೃಶ್ಯದಲ್ಲಿ ಬೆಳಕು ಜರ್ಕು ಹೊಡೆದರೆ ಪ್ರೇಕ್ಷಕರ ಕಣ್ಣು ನಟನನ್ನು ಬಿಟ್ಟು ದೀಪದ ಕಡೆಗೆ ಹೋಗುತ್ತದೆ. ದೀಪದೊಳಗಿನ ಫ್ಯಾನಿನ ಸದ್ದನ್ನೂ, ಸಭಾಂಗಣವನ್ನು ನಿಶ್ಶಬ್ದಗೊಳಿಸಿ, ಮೊದಲ ಸಾಲಿನಲ್ಲಿ ಕುಳಿತು ಕೇಳಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಂಥ ಎಲ್‌ಇಡಿ ದೀಪಗಳನ್ನು, ವಿದ್ಯುತ್ತನ್ನೇ ಹೆಚ್ಚು ಕಡಿಮೆ ಮಾಡಿ ಬೆಳಕು ತಗ್ಗಿಸುವ ಹಳೆಯ ಡಿಮ್ಮರಿಗೆ ಜೋಡಿಸಬಾರದು, ಜೋಡಿಸಿದರೆ ಒಳಗಿನ ಸರ್ಕ್ಯೂಟು ಸುಡಬಹುದು. ಅವುಗಳಿಗೆ ಡಿಮ್ಮರಿಲ್ಲದೆ ನೇರವಾಗಿ ವಿದ್ಯುತ್ ಕೊಟ್ಟು, ಬೆಳಕಿನ ಏರಿಳಿತವನ್ನು ದೀಪಗಳಿಗೆ ಸಂಕೇತ ಕಳಿಸುವ ಡಿಎಂಎಕ್ಸ್ ತಂತಿಯ ಮೂಲಕ ನಡೆಸಬೇಕು. ಹೀಗಾಗಿ ಹೊಸ ವೈರಿಂಗಿನ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಹಿಡಿದೆವು.

ಹನ್ನೆರಡು ದೀಪ ಕೊಳ್ಳಬೇಕೆಂದಿದ್ದ ನಾವು ಎಂಟಕ್ಕೇ ನಿಲ್ಲಿಸಿದೆವು. ಆ ಎಂಟನ್ನೂ ಅದೇ ಸೀರೆಯ ಸೆರಗಿನ ಮೇಲೆ ಒಂದೊಂದಾಗಿ ಹಚ್ಚಿ ನೋಡಿಯೇ ಹಣ ಕೊಟ್ಟೆವು.