ಚೇಗು ಬಂದಿದೆಯಾ ಅಂತ ಕೇಳಿದರು

ಏಪ್ರಿಲ್ 9, 2025. ಬುಧವಾರ ರಾತ್ರಿ

ಸಂಜೆ ಅರಸೀಕೆರೆ ಕಡೆಯಿಂದ ಬಂದ ಫೋನು ಇನ್ನೂ ತಲೆಯಲ್ಲೇ ಕೂತಿದೆ. ಒಂದು ಎಕರೆ ಶ್ರೀಗಂಧ, ಒಂಬತ್ತು ವರ್ಷದ ಮರಗಳು.

"ಮರ ನೋಡೋಕೆ ಬಂದೋರು ಬುಡದಲ್ಲಿ ಬೈರಿಗೆ ಹಾಕಿ ನೋಡಿದ್ರು ಸಾರ್. ಚೇಗು ಬಂದಿದೆ, ಮರಕ್ಕೆ ಇಷ್ಟು ಅಂತ ಲೆಕ್ಕನೂ ಹೇಳಿದ್ರು. ಮರಕ್ಕೆ ಇಂಜೆಕ್ಷನ್ ಕೊಟ್ರೆ ಮಿಕ್ಕಿದ್ದಕ್ಕೂ ಎರಡೇ ವರ್ಷಕ್ಕೆ ಚೇಗು ಬರುತ್ತಂತೆ. ಕೊಡಿಸ್ಲಾ?"

ಬೇಡ ಯಜಮಾನ್ರೇ ಅಂದೆ. ಯಾಕೆ ಬೇಡ ಅನ್ನೋದನ್ನ ಫೋನಿನಲ್ಲಿ ಪೂರ್ತಿ ಹೇಳೋಕಾಗಲಿಲ್ಲ.

ಗಂಧದ ಎಲೆ, ಹೂವು, ತೊಗಟೆ, ಹೊರಗಿನ ಬಿಳಿ ಮರ ಯಾವುದರಲ್ಲೂ ಎಣ್ಣೆ ಇಲ್ಲ. ಇರೋದು ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಕಂದು ತಿರುಳಿನಲ್ಲಿ, ಮತ್ತು ಬೇರಿನಲ್ಲಿ. ಚೇಗು ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣದಾಗುತ್ತೆ. ಎಳೆ ಮರದ ಬುಡದಲ್ಲಿ ಹೆಬ್ಬೆರಳಷ್ಟು ಕಂಡರೂ ಎದೆಯೆತ್ತರದಲ್ಲಿ ಏನೂ ಇಲ್ಲದಿರಬಹುದು. ಬುಡದ ತೂತು ನೋಡಿ ಇಡೀ ಮರಕ್ಕೆ ಬೆಲೆ ಕಟ್ಟೋದು ಅದಕ್ಕೇ ತಪ್ಪು. ಎರಡೂ ಎತ್ತರದಲ್ಲಿ ಸಣ್ಣ ಕೊಳವೆ ಬೈರಿಗೆಯಿಂದ ಕಡ್ಡಿ ತೆಗೆದು, ಬಿಳಿ ಎಲ್ಲಿ ಮುಗಿದು ಕಂದು ಎಲ್ಲಿ ಶುರುವಾಗುತ್ತೆ ಅಂತ ಅಳೀಬೇಕು. ಆಮೇಲೆ ಕಂದು ತುದಿಯನ್ನ ಉಗುರಲ್ಲಿ ಕೆರೆದು ಅಂಗೈಯಲ್ಲಿ ಉಜ್ಜಿ ಮೂಸಬೇಕು.

ಮೂಸದೆ ಬಿಡೋ ಹಾಗಿಲ್ಲ. ಇಂಜೆಕ್ಷನ್ನಿನ ಮಾತು ಕೆಡೋದೇ ಅಲ್ಲಿ. ಇಂಜೆಕ್ಷನ್ ಚುಚ್ಚಿ ಗಾಯವಾದ ಕಡೆ ಮರ ಬಣ್ಣ ತಿರುಗುತ್ತೆ, ಆದರೆ ಬಣ್ಣ ಬಂದಲ್ಲೆಲ್ಲ ಎಣ್ಣೆ ಇರೋಲ್ಲ.

ಚೇಗು ಬಂದ ಮಾತ್ರಕ್ಕೆ ಎಣ್ಣೆಯೂ ಬಲಿತಿದೆ ಅಂತಲ್ಲ. ಹತ್ತು ವರ್ಷದ ಆಸುಪಾಸಿನ ಮರದ ಚೇಗಿನಲ್ಲಿ ಎಣ್ಣೆ ಶೇ. 0.2ರಿಂದ 2, ಮೂವತ್ತು ದಾಟಿದ ಮರದಲ್ಲಿ ಶೇ. 2.8ರಿಂದ 5.6. ಎಳೆ ಎಣ್ಣೆಯಲ್ಲಿ ಗಂಧದ ಪರಿಮಳ ಕೊಡೋ ಸ್ಯಾಂಟಲಾಲ್ ಅನ್ನೋ ಅಂಶ ಕಮ್ಮಿ, ಹಗುರವಾದ ಸ್ಯಾಂಟಲೀನ್ ಅನ್ನೋದು ಜಾಸ್ತಿ. ಕಾಗದದ ಪಟ್ಟಿಯನ್ನ ಅದ್ದಿ ಮೂಸಿದರೆ ಮೊದಲು ಹಸಿ ಮರದ ವಾಸನೆ ಹೊಡೆಯುತ್ತೆ, ಹಾಲಿನಂಥ ಆ ನುಣುಪು ಬರೋದೇ ಇಲ್ಲ. ಬೆಳೆದವರೇ ಮರದ ಒಡೆಯರು ಅಂತ ಕರ್ನಾಟಕದಲ್ಲಿ ಕಾನೂನು ತಿದ್ದಿದ್ದು 2001ರಲ್ಲಿ. ಆಮೇಲೆ ನೆಟ್ಟ ಯಾವ ಮರಕ್ಕೂ 2025ರ ಈ ಏಪ್ರಿಲ್ ಹೊತ್ತಿಗೆ ಇಪ್ಪತ್ತೈದು ವರ್ಷ ತುಂಬಿಲ್ಲ. ಅವಸರಕ್ಕೆ ಕಿತ್ತ ಎಳೆ ಮರಗಳ ಎಣ್ಣೆಯನ್ನ ಬಲಿತ ಎಣ್ಣೆಯ ಹೆಸರಲ್ಲಿ ಮಾರಿದರೆ, ಶ್ರೀಗಂಧ ಅಂದರೆ ಇಷ್ಟೇ ಅಂತ ಕೊಳ್ಳೋರು ಅಂದುಕೊಂಡುಬಿಡ್ತಾರೆ. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಮೇಜಿನ ಮೇಲೆ ಪರೀಕ್ಷೆಗೆ ಬಂದ ಗಂಧದೆಣ್ಣೆಯ ಇವತ್ತಿನ ಸ್ಯಾಂಪಲ್ ಬೇರೆ ಇದೆ. 1 ಮಿಲಿ ಎಣ್ಣೆಗೆ 70 ಪರ್ಸೆಂಟ್ ಆಲ್ಕೋಹಾಲ್ 5 ಮಿಲಿ. 20 ಡಿಗ್ರಿಯಲ್ಲಿ ತಿಳಿಯಾಗಿ ಕರಗಬೇಕು. ಏಪ್ರಿಲ್ ಸೆಕೆಯಲ್ಲಿ ಹಾಗೇ ಮಾಡಿದರೆ ಕಳಪೆಯೂ ಪಾಸಾಗಿಬಿಡಬಹುದು, ತಣ್ಣೀರಲ್ಲಿ ಟ್ಯೂಬ್ ಇಟ್ಟು ಥರ್ಮಾಮೀಟರ್ ನೋಡಿಯೇ ಮಾಡಬೇಕು. ಮಸುಕಾದರೆ ಕೊಬ್ಬರಿ ಎಣ್ಣೆಯೋ ಪ್ಯಾರಾಫಿನ್ನೋ ಸೇರಿದೆ ಅಂತ ಅನುಮಾನ. ಇದು ತಿಳಿಯಾಗೇ ಕರಗಿತು. ಆದರೆ ಬೆರಕೆಗೆ ಬಳಸೋ ಥ್ಯಾಲೇಟ್ ಅನ್ನೋ ರಾಸಾಯನಿಕ ಬೆರೆಸಿದ್ದರೆ ಅದೂ ಆಲ್ಕೋಹಾಲಲ್ಲಿ ಕರಗುತ್ತೆ. ಅದನ್ನ ಹಿಡಿಯೋದು ಸಾಂದ್ರತೆ: ಶುದ್ಧ ಎಣ್ಣೆ 0.968ರಿಂದ 0.983ರ ಒಳಗೆ ಇರುತ್ತೆ, ಡೈಈಥೈಲ್ ಥ್ಯಾಲೇಟ್ ಆದರೆ 1.12. ಕೊನೆಗೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಅಂದರೆ ಎಣ್ಣೆಯ ಅಂಶಗಳನ್ನ ಬೇರೆಬೇರೆ ಮಾಡಿ ಅಳೆಯೋ ಯಂತ್ರದ ಪರೀಕ್ಷೆ, ಆಗಲೇಬೇಕು. ಸ್ಯಾಂಟಲಾಲಿನ ಎರಡು ಬಗೆಯಲ್ಲಿ ಆಲ್ಫಾ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಬರಬೇಕು.

ಈ ಸ್ಯಾಂಪಲ್ಲಿನ ಸಾಂದ್ರತೆ 0.966. ಸ್ವಲ್ಪ ಕೆಳಗೆ. ಬೆರಕೆಯೇ ಇರಬೇಕು ಅಂತಿಲ್ಲ, ಎಳೆ ಮರ ಇರಬಹುದು, ಇಲ್ಲಾ ಭಟ್ಟಿ ಬೇಗ ಇಳಿಸಿರಬಹುದು. ಸ್ಯಾಂಟಲಾಲ್ ಕುದಿಯೋದು 300 ಡಿಗ್ರಿ ಹತ್ತಿರ, ಹಬೆಯ ಜೊತೆ ಬಲು ನಿಧಾನವಾಗಿ ಬರುತ್ತೆ. ಮೊದಲ ದಿನ ಬರೋದರಲ್ಲಿ ಹಗುರವಾದದ್ದೇ ಹೆಚ್ಚು. ಸೌದೆ ಉಳಿಸೋಕೆ 24 ಗಂಟೆಗೆ ನಿಲ್ಲಿಸಿದರೆ ಒಳ್ಳೆಯದು ಹಂಡೆಗೆ ಹಾಕಿದ ಮರದ ಪುಡಿಯಲ್ಲೇ ಉಳಿಯುತ್ತೆ. 48ರಿಂದ 72 ಗಂಟೆ ಬೇಕು. ಪುಡಿ ಮೈದಾದಷ್ಟು ನುಣ್ಣಗಾದರೆ ಗಂಟುಕಟ್ಟಿ ಹಬೆ ಒಂದೇ ಕಡೆ ದಾರಿ ಮಾಡ್ಕೊಂಡು ಹೋಗುತ್ತೆ, ತೀರಾ ತರಿಯಾದರೆ ಒಳಗಿನ ಎಣ್ಣೆ ಬಿಡೋಲ್ಲ. ಕಂಡೆನ್ಸರ್ ನೀರು ತೀರಾ ತಣ್ಣಗಿರಬಾರದು. ಎಣ್ಣೆಯ ತೂಕ ನೀರಿನ ಹತ್ತಿರಹತ್ತಿರವೇ ಇರೋದರಿಂದ ತಣ್ಣಗಾದರೆ ಬೇರೆಯಾಗದೆ ಹಾಲುಹಾಲಾಗಿ ನಿಂತುಬಿಡುತ್ತೆ. ಆ ನೀರನ್ನ ಚೆಲ್ಲದೆ ಮತ್ತೆ ಹಂಡೆಗೇ ಹಾಕಬೇಕು.

ಯಜಮಾನರಿಗೆ ನಾಳೆ ಮತ್ತೆ ಫೋನ್ ಮಾಡಬೇಕು. ತೂತುಗಳನ್ನ ಜೇನುಮೇಣದಿಂದ ಮುಚ್ಚಿ ಅಂತ ಹೇಳೋದು ಮರೆತೆ, ಬಿಟ್ಟರೆ ಶಿಲೀಂಧ್ರ ಹೊಗುತ್ತೆ. ಮುಂದೆ ಯಾವತ್ತಾದರೂ ಮರ ತೆಗೆಯೋದಾದರೆ ಗರಗಸ ಹಾಕಬೇಡಿ, ಬುಡ ಅಗೆದು ಬೇರಿನ ಸಮೇತ ಕೀಳಿ ಅಂತಲೂ ಹೇಳಬೇಕು. ಎಣ್ಣೆ ಎಲ್ಲಕ್ಕಿಂತ ಜಾಸ್ತಿ ಇರೋದು ಬೇರಿನಲ್ಲಿ. ಪಕ್ಕದ ಆಸರೆ ಗಿಡ ಏನು ನೆಟ್ಟಿದ್ದಾರೆ ಅಂತ ಕೇಳಲೇ ಇಲ್ಲ. ಗಂಧದ ಬೇರು ಊಟ ಎಳೆಯೋದು ಆ ಗಿಡದ ಬೇರಿನಿಂದ, ಅದನ್ನೇ ಕಡಿದು ಹಾಕಿದ್ದರೆ…