ನೀಲಿ ಜ್ವಾಲೆ ಮತ್ತು ಉಕ್ಕಿದ ಹಾಲು

ಬೆಳಿಗ್ಗೆ ಹಾಲಿಗೆ ಒಲೆ ಹಚ್ಚಿ ನೀಲಿ ಜ್ವಾಲೆಯನ್ನೇ ನೋಡುತ್ತಾ ನಿಂತೆ. ನಿನ್ನೆ ರಾತ್ರಿ ಓದಿದ, ಅನಿಲದಿಂದ ಪೆಟ್ರೋಲ್ ಮಾಡಹೊರಟ ಸಿಲೂರಿಯಾ ಕಂಪನಿಯ ಕಥೆ ತಲೆಯಿಂದ ಇಳಿದಿರಲಿಲ್ಲ.

ನಮ್ಮ ಮನೆಗೆ ಕೊಳವೆಯಲ್ಲಿ ಬರುವ ಅನಿಲದ ಬಹುಪಾಲು ಮೀಥೇನ್. ಒಂದು ಇಂಗಾಲ, ನಾಲ್ಕು ಜಲಜನಕ. ಬಿಡಿಸಲು ಹೋದವರನ್ನು ಸತಾಯಿಸುವ ಗಟ್ಟಿ ಸಂಸಾರ. ಸುಡುವುದು ಸುಲಭ. ಆದರೆ ಆಮ್ಲಜನಕ ಕೊಟ್ಟು, ಪೂರ್ತಿ ಉರಿಯಲು ಬಿಡದೆ, ಎರಡು ಮೀಥೇನ್‌ಗಳನ್ನು ಎಥಿಲೀನ್ ಆಗಿ ಬೆಸೆಯುವುದಿದೆಯಲ್ಲ, ಅದು ಹದದ ಕೆಲಸ. ಹದ ತಪ್ಪಿದರೆ ಕೈಗೆ ಸಿಗುವುದು ಬರೀ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಹದ ಸಿಕ್ಕರೆ ಅದೇ ಎಥಿಲೀನ್‌ನಿಂದ ಪ್ಲಾಸ್ಟಿಕ್, ಇನ್ನೊಂದು ಹೆಜ್ಜೆ ಹೋದರೆ ಪೆಟ್ರೋಲ್. 1980ರ ದಶಕದಲ್ಲೇ ಹಲವರು ಬೆನ್ನುಹತ್ತಿ ಕೈಬಿಟ್ಟಿದ್ದರು.

2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಸಿಲೂರಿಯಾ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಏಂಜೆಲಾ ಬೆಲ್ಚರ್ ಅವರ ಸಂಶೋಧನೆಯ ಜಾಡು ಹಿಡಿಯಿತು. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸನ್ನು ಅಚ್ಚಿನಂತೆ ಬಳಸಿ ವೇಗವರ್ಧಕದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ವಸ್ತುವಿನ, ಅತಿಸೂಕ್ಷ್ಮ ನ್ಯಾನೊ ತಂತಿಗಳನ್ನು ಬೆಳೆಸುವ ಉಪಾಯ! (ವೈರಸ್ ಎಂಬ ಪದ ಕೇಳಿ ಖುಷಿಯಾದದ್ದು ಇದೇ ಮೊದಲು.) 2015ರಲ್ಲಿ ಟೆಕ್ಸಾಸ್‌ನ ಲಾ ಪೋರ್ಟ್‌ನಲ್ಲಿ ಪ್ರಾತ್ಯಕ್ಷಿಕೆ ಘಟಕವೂ ನಡೆಯಿತು. ಅಷ್ಟರಲ್ಲಿ ಕಚ್ಚಾ ತೈಲದ ಬೆಲೆ ನೆಲಕಚ್ಚಿತ್ತು. ತೈಲವೇ ಅಗ್ಗವಾದಾಗ ಅನಿಲದಿಂದ ಪೆಟ್ರೋಲ್ ಮಾಡುವವನ ಮಾತನ್ನು ಯಾರು ಕೇಳುತ್ತಾರೆ? 2019ರಲ್ಲಿ ಮೆಕ್‌ಡರ್ಮಾಟ್ ಎಂಬ ಕಂಪನಿ ಸಿಲೂರಿಯಾದ ಈ ತಂತ್ರಜ್ಞಾನವನ್ನು ಕೊಂಡುಕೊಂಡಿತು.

ಸೋತರು ಎನ್ನಲು ನನಗೆ ಮನಸ್ಸಿಲ್ಲ. ಆ ಹಟಮಾರಿ ಅಣುವನ್ನು ಒಮ್ಮೆಯಾದರೂ ಮಣಿಸಿದರಲ್ಲ.

ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಈಗ ಒರೆಸುತ್ತಿದ್ದೇನೆ.